ಪದಕ, ಪಹಣಿ, ಪರಿಹಾರ

ದಲಿತ ವಿಮರ್ಶೆಯ ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಗೆಳೆಯರು ಕೇಳಿದಾಗ ಮೊದಲು ಆಗುವುದಿಲ್ಲ ಎಂದೆ. ನಾನು ವಿಮರ್ಶಕನಲ್ಲ. ಸಂಘಟನೆಯಲ್ಲಿದ್ದುಕೊಂಡು ಊರೂರು ತಿರುಗಿ ಜನರಿಗೆ ಅರ್ಜಿ ಬರೆದುಕೊಟ್ಟವನು. ಮೂವತ್ತು ವರ್ಷ ಅರ್ಜಿ ಬರೆದವನಿಗೆ ಕಾವ್ಯಮೀಮಾಂಸೆ ಗೊತ್ತಿರುವುದಿಲ್ಲ. ಆದರೆ ಸರ್ಕಾರದ ಕಾಗದದಲ್ಲಿ ಯಾರ ಹೆಸರು ಇರುತ್ತೆ, ಯಾರದ್ದು ಇರೋದಿಲ್ಲ ಅನ್ನೋದು ಚೆನ್ನಾಗಿ ಗೊತ್ತಿರುತ್ತದೆ. ಅಷ್ಟನ್ನೇ ನೆಚ್ಚಿಕೊಂಡು ಬರೆಯುತ್ತಿದ್ದೇನೆ.

೧

ನಮ್ಮದು ಕೊಡ್ಲಿಪೇಟೆ ಕಡೆ. ಕೊಡಗಿನ ಬಡಗಣ ತುದಿ, ದಾಟಿದರೆ ಹಾಸನ ಜಿಲ್ಲೆ. ಹಿಂದೆ ಏಳುಸಾವಿರ ಸೀಮೆ ಎನ್ನುತ್ತಿದ್ದ ನಾಡು ಇದು. ಕೊಡಗು ಅಂದಾಕ್ಷಣ ಹೊರಗಿನವರ ಕಣ್ಣಿಗೆ ಬರುವ ಕುಪ್ಯ, ಚೇಲೆ, ಪೀಚೆಕತ್ತಿ ನಮ್ಮ ಕಡೆ ಕಡಿಮೆ. ಇಲ್ಲಿ ಲಿಂಗಾಯತರು, ಗೌಡರು, ಮುಸಲ್ಮಾನರು, ಊರಾಚೆ ನಮ್ಮ ಕೇರಿಗಳು. ಆಡುವ ಮಾತು ಕನ್ನಡ. ಹಾಗಿದ್ದೂ ನಮ್ಮ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಮೊದಲ ಹೆಮ್ಮೆ 'ಕೊಡಗು ವೀರರ ನಾಡು' ಎಂಬುದೇ. ಸ್ವತಂತ್ರ ಭಾರತದ ಸೈನ್ಯದ ಮೊದಲ ಭಾರತೀಯ ದಂಡನಾಯಕ ಕಾರ್ಯಪ್ಪನವರು ೧೮೯೯ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಶನಿವಾರಸಂತೆಯಲ್ಲಿ. ಸಂತೆಗೆ ಹೋದಾಗಲೆಲ್ಲ ಅಪ್ಪ ಅದನ್ನು ಹೇಳುತ್ತಿದ್ದ. ನಾನೂ ಎದೆ ಉಬ್ಬಿಸುತ್ತಿದ್ದೆ. ಆ ವೀರರಲ್ಲಿ ನಾವೂ ಸೇರಿದ್ದೀವಾ ಎಂಬ ಪ್ರಶ್ನೆ ಆಗ ಹುಟ್ಟಿರಲಿಲ್ಲ.

ಸೇರಿದ್ದೆವು ಅನ್ನೋದಕ್ಕೆ ನಮ್ಮ ಮನೆಯಲ್ಲೇ ಒಂದು ಸಾಕ್ಷಿ ಇತ್ತು. ನಮ್ಮಜ್ಜ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವನು. ಬಂದೂಕಿನ ದಂಡಿಗಲ್ಲ, ಪಯೋನಿಯರ್ ದಂಡಿಗೆ. ಅಸ್ಸಾಮಿನ ಕಡೆ ರಸ್ತೆ ಕಡಿಯುವುದು, ಮದ್ದುಗುಂಡಿನ ಪೆಟ್ಟಿಗೆ ಹೊರುವುದು, ಮಳೆಯಲ್ಲಿ ಕುಸಿದ ದಾರಿಯನ್ನು ರಾತ್ರೋರಾತ್ರಿ ಎತ್ತಿಕಟ್ಟುವುದು, ಸತ್ತವರನ್ನು ಹೂಳುವುದು. ಇವು ಊರಲ್ಲೂ ನಮ್ಮವರೇ ಮಾಡುತ್ತಿದ್ದ ಕೆಲಸಗಳು. "ಇಲ್ಲಿ ಬೈದು ಮಾಡುಸ್ತಿದ್ರು, ಅಲ್ಲಿ ಸೀಟಿ ಊದಿ ಮಾಡುಸ್ತಿದ್ರು, ಅಷ್ಟೇ ಕಣ್ ಮಗ" ಅನ್ನುತ್ತಿದ್ದ. ಆದರೆ ಇನ್ನೊಂದು ಮಾತನ್ನೂ ಹೇಳುತ್ತಿದ್ದ: ಬಾಂಬು ಬೀಳುವಾಗ ಹೊಂಡದೊಳಕ್ಕೆ ಯಾರು ಮೊದಲು ಹಾರಿದರೂ ಅವರ ಮೇಲೆ ಮತ್ತೊಬ್ಬರು ಬೀಳುತ್ತಿದ್ದರು, ಯಾವ ಜಾತಿಯವನು ಯಾರ ಮೈಮೇಲೆ ಬಿದ್ದ ಅಂತ ಯಾರೂ ಕೇಳುತ್ತಿರಲಿಲ್ಲ. ಯುದ್ಧ ಮುಗಿಸಿ ಊರಿಗೆ ಬಂದ ಮೊದಲ ದಿನ ಹೋಟೆಲಿನ ಹಿಂಬಾಗಿಲಲ್ಲಿ ತೆಂಗಿನ ಕರಟದಲ್ಲಿ ಟೀ ಕುಡಿದನಂತೆ. ಹೊಂಡ ನೆನಪಾಯಿತು ಅಂತ ಹೇಳುತ್ತಿದ್ದ.

ಅವನ ಹತ್ತಿರ ಒಂದು ಪದಕ ಇತ್ತು. ಒಂದು ಮುಖಕ್ಕೆ ಕಿರೀಟದ ದೊರೆ, ಇನ್ನೊಂದು ಮುಖಕ್ಕೆ ಎರಡು ತಲೆಯ ಹಾವಿನಂಥದ್ದನ್ನು ತುಳಿದು ನಿಂತ ಸಿಂಹ. ಆ ಯುದ್ಧದಲ್ಲಿ ಇದ್ದ ಲಕ್ಷಾಂತರ ಜನಕ್ಕೆ ಕೊಟ್ಟ ಸಾಧಾರಣ ಪದಕ ಅದು. ನಮ್ಮಜ್ಜಿ ಸಿಂಹವನ್ನು ನೋಡಿ ಇದು ಅಮ್ಮನ ವಾಹನ ಎಂದು ತೀರ್ಮಾನಿಸಿ ಅದನ್ನು ಮಾರಿಯಮ್ಮನ ಗೂಡಿನಲ್ಲಿಟ್ಟಳು. ವಾರಕ್ಕೊಮ್ಮೆ ಹುಣಿಸೆಹಣ್ಣು ಹಾಕಿ ತಿಕ್ಕಿ, ಕುಂಕುಮ ಹಚ್ಚಿ, ಕೈಮುಗಿಯುತ್ತಿದ್ದಳು. ಹೀಗೆ ಬ್ರಿಟಿಷ್ ದೊರೆ ಮೂವತ್ತು ವರ್ಷ ನಮ್ಮ ಕೇರಿಯಲ್ಲಿ ಅಮ್ಮನ ಪೀಠದ ಅಡಿ ಮುಖ ಕೆಳಗಾಗಿ ಮಲಗಿದ್ದ.

೨

ಕೊಡಗಿನ ಚರಿತ್ರೆಯಲ್ಲಿ ಯುದ್ಧಕ್ಕೂ ಭೂಮಿಗೂ ಇರುವ ನಂಟು ಬರೀ ಅಲಂಕಾರದ ಮಾತಲ್ಲ. ಅದು ಕಂದಾಯದ ಲೆಕ್ಕ. ಹಾಲೇರಿ ಅರಸರ ಕಾಲದಿಂದ ಬಂದ ಜಮ್ಮ ಹಿಡುವಳಿ ಎಂದರೆ ಇದು: ಕರೆದಾಗ ದಂಡಿಗೆ ಬರಬೇಕು, ಅರಸನ ಕೆಲಸ ಮಾಡಬೇಕು, ಅದಕ್ಕೆ ಪ್ರತಿಯಾಗಿ ಭೂಮಿ ವಂಶಕ್ಕೆ ನಿಲ್ಲುತ್ತದೆ, ಕಂದಾಯ ಸಾಗು ಭೂಮಿಯ ಅರ್ಧ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡ ಕಂಪನಿ ಸರ್ಕಾರ ಈ ಪದ್ಧತಿಯನ್ನು ಕೆಡಿಸಲಿಲ್ಲ. ೧೮೩೭ರ ಅಮರಸುಳ್ಯ ದಂಗೆಯನ್ನು ಅಡಗಿಸಲು ನೆರವಾದವರಿಗೆ ಚಿನ್ನ ಬೆಳ್ಳಿಯ ಪದಕಗಳನ್ನೂ ಕೊಟ್ಟಿತು. ೧೮೫೭ರ ನಂತರ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವಾಗ ಕೊಡವರಿಗೆ ೧೮೬೧ರಲ್ಲಿ ವಿನಾಯಿತಿ ಸಿಕ್ಕಿತು. ಕೊಡವರಿಗೆ ಮತ್ತು ಜಮ್ಮ ಹಿಡುವಳಿದಾರರಿಗೆ ಕೋವಿ ಪರವಾನಗಿಯ ಈ ವಿನಾಯಿತಿ ಇವತ್ತಿಗೂ ಇದೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರವರೆಗೆ ಮುಂದುವರಿಸಿದೆ. ಅಂದರೆ ತ್ಯಾಗ ಭೂಮಿಯಾಯಿತು, ಭೂಮಿ ಕೋವಿಯಾಯಿತು, ಕೋವಿ ಗೌರವವಾಯಿತು.

ಇದೇ ಜಮ್ಮ ಎಂಬ ಪದ ನಮ್ಮ ಜನಕ್ಕೂ ಅಂಟಿತ್ತು. ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ದಾಖಲೆಗಳು ಕೊಡಗಿನ ಹೊಲೆಯರನ್ನು ಎರಡು ಬಗೆಯಾಗಿ ಹೇಳುತ್ತವೆ: ಭೂಮಿ ಜಮ್ಮದ ಹೊಲೆಯರು, ಒಕ್ಕಲು ಜಮ್ಮದ ಹೊಲೆಯರು. ಮೊದಲನೆಯವರು ಭೂಮಿಯ ಜೊತೆಗೆ ಸೇರಿದವರು, ಭೂಮಿ ಬಿಟ್ಟು ಕದಲುವಂತಿಲ್ಲ. ಎರಡನೆಯವರು ಮನೆತನದ ಸೊತ್ತು, ಧಣಿ ಹೇಳಿದ ಕಡೆ ಹೋಗಬೇಕು. ಒಬ್ಬನಿಗೆ ಭೂಮಿ ಜಮ್ಮ. ಇನ್ನೊಬ್ಬ ಮನುಷ್ಯನೇ ಜಮ್ಮ. ಒಂದೇ ಪದದೊಳಗೆ ಒಬ್ಬನ ಹಕ್ಕೂ ಇನ್ನೊಬ್ಬನ ಬಂಧನವೂ ಕೂತಿದೆ. ೧೮೪೩ರ ಕಾಯಿದೆ ಗುಲಾಮಗಿರಿಯನ್ನು ಕೋರ್ಟು ಒಪ್ಪುವುದಿಲ್ಲ ಎಂದಿತು. ಹತ್ತು ಹನ್ನೊಂದು ವರ್ಷಕ್ಕೆ, ೧೮೫೪ರ ಹೊತ್ತಿಗೆ, ಬಿಳಿಯರ ಕಾಫಿ ತೋಟಗಳು ಬಂದವು. ಗದ್ದೆಯ ಕಟ್ಟಿನಿಂದ ಬಿಟ್ಟುಕೊಂಡ ಜನ ತೋಟದ ಲೈನ್ ಮನೆ ಸೇರಿದರು.

ದಂಡಿಗೆ ಹೋದ ಧಣಿಯ ಗದ್ದೆಯನ್ನು ಆ ವರ್ಷ ಉತ್ತವರು ಯಾರು? ಅವನ ಮನೆಯವರಿಗೆ ಅನ್ನ ಬೇಯುವಂತೆ ಮಾಡಿದವರು ಯಾರು? ಆ ಬೆವರು ಯುದ್ಧದ ಲೆಕ್ಕದಲ್ಲಿ ಬರುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, ೧೯೭೪ರಲ್ಲಿ 'ಉಳುವವನೇ ಹೊಲದೊಡೆಯ' ಎಂದು ಕರ್ನಾಟಕದಾದ್ಯಂತ ಕೂಗೆದ್ದಾಗಲೂ ಕಾಫಿ ತೋಟಗಳನ್ನು ಭೂಸುಧಾರಣೆಯ ಹೊರಗೇ ಇಡಲಾಯಿತು. ಹಾಗಾಗಿ ಆ ಘೋಷಣೆ ಘಟ್ಟದ ಬುಡಕ್ಕೆ ಬಂದು ನಿಂತುಬಿಟ್ಟಿತು. ನಮ್ಮವರಿಗೆ ಉಳಿದದ್ದು ಪೈಸಾರಿ. ಯಾರದ್ದೂ ಅಲ್ಲದ, ಯಾವಾಗ ಬೇಕಾದರೂ ಎಬ್ಬಿಸಬಹುದಾದ ಸರ್ಕಾರಿ ಜಾಗ.

೩

ಯುದ್ಧದ ಬಗ್ಗೆ ನಮ್ಮ ಚಳವಳಿಯಲ್ಲಿ ಎರಡು ಮಾತು ಯಾವತ್ತೂ ಇವೆ. ಒಂದು, ಯಾರದೋ ಸಾಮ್ರಾಜ್ಯಕ್ಕೆ ನಾವ್ಯಾಕೆ ಸಾಯಬೇಕಿತ್ತು? ಇನ್ನೊಂದು, ೧೮೧೮ರ ಕೋರೆಗಾಂವ್. ೧೯೨೭ರ ಜನವರಿ ಒಂದರಂದು ಬಾಬಾಸಾಹೇಬರು ಆ ಸ್ತಂಭದ ಹತ್ತಿರ ಹೋದದ್ದು ಕಂಪನಿಯ ಗೆಲುವನ್ನು ಕೊಂಡಾಡಲಿಕ್ಕಲ್ಲ. ಕಲ್ಲಿನ ಮೇಲೆ ನಮ್ಮವರ ಹೆಸರು ಕೊರೆದ ಒಂದು ದಾಖಲೆ ಈ ದೇಶದಲ್ಲಿದೆ ಎಂದು ತೋರಿಸಲಿಕ್ಕೆ ಎಂದು ನಾನು ತಿಳಿದಿದ್ದೇನೆ. ಅವರು ಸುಬೇದಾರನ ಮಗ. ಹತ್ತೊಂಬತ್ತನೇ ಶತಮಾನದ ಕೊನೆಗೆ 'ಕ್ಷಾತ್ರ ಕುಲ'ಗಳ ಸಿದ್ಧಾಂತ ತಂದು ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದಾಗ ಏನೇನು ಮುಚ್ಚಿತು ಅನ್ನೋದು ಅವರಿಗೆ ಗೊತ್ತಿತ್ತು: ಸಂಬಳ, ಶಾಲೆ, ಪಿಂಚಣಿ, ನೆಟ್ಟಗೆ ನಡೆಯುವ ಅಭ್ಯಾಸ. ೧೯೧೭ರಲ್ಲಿ ಬೇಕಾಯಿತು, ೧೧೧ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು, ೧೯೨೧ರಲ್ಲಿ ಬರಖಾಸ್ತು. ಮತ್ತೆ ಬೇಕಾಯಿತು, ೧೯೪೧ರ ಅಕ್ಟೋಬರ್ ಒಂದರಂದು ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಪಡೆ ಎದ್ದಿತು. ೧೯೪೩ರಲ್ಲಿ ಎಬ್ಬಿಸಿದ ಚಮಾರ್ ರೆಜಿಮೆಂಟನ್ನು ೧೯೪೬ರಲ್ಲಿ ಮುಚ್ಚಿದರು. ಗುಂಡು ಹಾರುವಾಗ ಕರೆಯುವುದು, ನಿಂತ ಮೇಲೆ ಮನೆಗೆ ಕಳಿಸುವುದು. ಧಣಿಗಳು ಸುಗ್ಗಿಯಲ್ಲಿ ಮಾಡುವುದೂ ಇದನ್ನೇ.

ಅದೇ ವರ್ಷಗಳಲ್ಲಿ, ೧೯೪೨ರಲ್ಲಿ, ಕೊಡಗಿನ ಹೆಸರಲ್ಲೂ ಒಂದು ಪಡೆ ಎದ್ದಿತು. ನಮ್ಮಜ್ಜ ಕೂಲಿ ಮಾಡುತ್ತಿದ್ದ ಮನೆಯ ಹುಡುಗನೊಬ್ಬ ಅದಕ್ಕೆ ಸೇರಿದ. ಇಬ್ಬರೂ ಜೀವಂತ ಬಂದರು. ಧಣಿಯ ಮಗನಿಗೆ ಯುದ್ಧದ ನಂತರ ಮಾಜಿ ಸೈನಿಕ ಎಂದು ಜಮೀನು ಮಂಜೂರಾಯಿತು. ನಮ್ಮಜ್ಜನೂ ಅರ್ಜಿ ಹಾಕಿದ. ಕಚೇರಿಯಲ್ಲಿ ಬಿಡುಗಡೆ ಪತ್ರ ಕೇಳಿದರು. ಅದು ಇತ್ತು, ತಗಡಿನ ಪೆಟ್ಟಿಗೆಯಲ್ಲಿ. ೧೯೬೧ರ ಮಳೆಗಾಲದಲ್ಲಿ ನಮ್ಮ ಮಣ್ಣಿನ ಗೋಡೆ ಕುಸಿದು ಪೆಟ್ಟಿಗೆ ನೀರಲ್ಲಿ ಮೂರು ದಿನ ಕೂತಿತು. ಕಾಗದ ಮುದ್ದೆಯಾಯಿತು. ಪದಕ ಇದೆಯಲ್ಲ ಸ್ವಾಮಿ ಅಂತ ಅಜ್ಜ ಅದನ್ನು ತೆಗೆದುಕೊಂಡು ಹೋದ. ಭಾರತೀಯ ಸೈನ್ಯದವರಿಗೆ ಕೊಟ್ಟ ಆ ಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು ಕೊರೆದಿರುತ್ತಿದ್ದರು. ಗುಮಾಸ್ತ ಅಂಚನ್ನು ನೋಡಿದ. ಅಕ್ಷರ ಇರಲಿಲ್ಲ. ಅಜ್ಜಿಯ ಹುಣಿಸೆಹಣ್ಣು, ಅಷ್ಟು ವರ್ಷದ ತಿಕ್ಕಾಟ, ಹೆಸರನ್ನು ತಿಂದುಹಾಕಿತ್ತು. ಪದಕವನ್ನು ಮಾರದಂತೆ, ಕಳೆಯದಂತೆ ಕಾಪಾಡಿದ್ದು ಅಜ್ಜಿಯ ಭಕ್ತಿ. ಅದರ ಮೇಲಿದ್ದ ಅಜ್ಜನ ಹೆಸರನ್ನು ಅಳಿಸಿದ್ದೂ ಅದೇ. ನಮ್ಮ ಜನರ ದೇವರುಗಳ ಬಗ್ಗೆ ಯೋಚಿಸುವಾಗೆಲ್ಲ ನಾನು ಈ ಅಂಚಿಗೆ ಬಂದು ನಿಲ್ಲುತ್ತೇನೆ.

ಕಾರ್ಯಪ್ಪನವರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ೧೯೪೯ರಲ್ಲಿ ದಂಡನಾಯಕರಾದ ವರ್ಷವೇ ಅವರು ಯಾವ ಒಂದು ಜಾತಿಗೂ ಸೇರದ, ಎಲ್ಲರನ್ನೂ ಸೇರಿಸಿದ ಗಾರ್ಡ್ಸ್ ಪಡೆಯನ್ನು ಕಟ್ಟಿದರು. ಜಾತಿಯ ಹೆಸರಿನ ಪಡೆಗಳ ಸೈನ್ಯದಲ್ಲಿ ಅದು ಸಣ್ಣ ಹೆಜ್ಜೆಯಲ್ಲ. ೨೦೨೧ರ ಫೆಬ್ರವರಿಯಲ್ಲಿ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್, ದಲಿತರು, ಮೂರೂ ಪಡೆಗಳ ಸರ್ವೋಚ್ಚ ನಾಯಕರು. ಅಂದು ನಾನು ಟಿ.ವಿ. ಮುಂದೆ ಕೂತು ಕಣ್ಣು ಒದ್ದೆ ಮಾಡಿಕೊಂಡದ್ದು ನಿಜ. ಪದಕದ ಅಂಚು ನೆನಪಾದದ್ದೂ ನಿಜ.

೪

ನಂಬಿಕೆಯ ವಿಷಯ. ಕೊಡಗಿನ ನಮ್ಮ ಜನರ ಮುಂದೆ ನೂರೆಪ್ಪತ್ತು ವರ್ಷದಲ್ಲಿ ಮೂರು ಬಾಗಿಲು ತೆರೆದವು. ೧೮೫೩ರಲ್ಲಿ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಹತ್ತು ವರ್ಷ ಹಿಂದೆ 'ಮಂಗಳೂರು ಸಮಾಚಾರ' ತಂದವನು, ಅಮ್ಮತ್ತಿಯ ಹತ್ತಿರ ಆನಂದಪುರ ಎಂಬ ಊರನ್ನೇ ಹೊಲೆಯರಿಗಾಗಿ ಕಟ್ಟಿದ. ದೇವರ ಜೊತೆಗೆ ನೆಲವನ್ನೂ ಕೊಟ್ಟ ಕಾರಣಕ್ಕೇ ಅಲ್ಲಿಗೆ ಜನ ಹೋದರು ಎಂದು ಕೆಲವರು ಮೂದಲಿಸುತ್ತಾರೆ. ನೆಲ ಕೊಡದ ದೇವರ ಹತ್ತಿರ ಸಾವಿರ ವರ್ಷ ಇದ್ದವರನ್ನು ಹಾಗೆ ಮೂದಲಿಸಬಾರದು. ಎರಡನೆಯದು ೧೯೩೪ರ ಫೆಬ್ರವರಿಯಲ್ಲಿ ಗಾಂಧೀಜಿಯ ಹರಿಜನ ಯಾತ್ರೆ. ಸುಂಟಿಕೊಪ್ಪದ ಹತ್ತಿರದ ತೋಟದಲ್ಲಿದ್ದ ಕತೆಗಾರ್ತಿ ಗೌರಮ್ಮ ಅವರು ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಆ ಹೆಣ್ಣುಮಗಳ ಮನಸ್ಸು ದೊಡ್ಡದು. ಆದರೆ ಒಡವೆ ಬಂತು, ತೋಟ ಅಲ್ಲೇ ಉಳಿಯಿತು. ಮೂರನೆಯದು ೧೯೫೬ರ ಅಕ್ಟೋಬರ್ ೧೪ರ ನಾಗಪುರ. ಅದಾದ ಹದಿನೆಂಟನೇ ದಿನಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಕೇರಿಗೆ ಎರಡನೇ ಸುದ್ದಿ ಆ ವಾರವೇ ಗೊತ್ತಾಯಿತು. ಮೊದಲನೆಯದು ಬರಲಿಕ್ಕೆ ಇಪ್ಪತ್ತು ವರ್ಷ ಬೇಕಾಯಿತು, ದಲಿತ ಸಂಘರ್ಷ ಸಮಿತಿಯ ಹುಡುಗರು ಹೊತ್ತು ತಂದರು.

ಅಪ್ಪ ಆ ಹುಡುಗರಲ್ಲಿ ಒಬ್ಬ. ಒಂದು ದಿನ ಅಮ್ಮನ ಗೂಡು ಖಾಲಿ ಮಾಡಿ ಬಾಬಾಸಾಹೇಬರ ಫೋಟೋ ಇಟ್ಟ. ಅಜ್ಜಿ ಜಗಳ ಮಾಡಲಿಲ್ಲ. ರಾತ್ರಿ ಎದ್ದು ಪದಕವನ್ನು ಆ ಫೋಟೋದ ಹಿಂದೆ ಸೇರಿಸಿದಳು. ನಾನು ಇಬ್ಬರ ನಡುವೆ ಬೆಳೆದವನು. ಅಪ್ಪನ ವಿಚಾರ ನನ್ನದು, ಅಜ್ಜಿಯ ಕೈ ಅಭ್ಯಾಸವೂ ನನ್ನದೇ. ಯಾವ ಬಾಗಿಲು ಹೊಕ್ಕರೂ ಹೊಸ್ತಿಲಲ್ಲಿ ಒಬ್ಬ ಗುಮಾಸ್ತ ಕೂತಿರುತ್ತಾನೆ ಎಂಬುದನ್ನು ನಾನು ಕಲಿತದ್ದು ಅರ್ಜಿ ಬರೆಯುತ್ತಾ. ೧೯೫೦ರ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿಯೆಂದರೆ ಹಿಂದೂಗಳು ಮಾತ್ರ. ಸಿಖ್ಖರಿಗೆ ೧೯೫೬ರಲ್ಲಿ, ಬೌದ್ಧರಿಗೆ ೧೯೯೦ರಲ್ಲಿ ಅದು ತೆರೆಯಿತು. ಕ್ರೈಸ್ತರಾದ ದಲಿತರು ಇವತ್ತಿಗೂ ಹೊರಗೆ. ಪರಿಶಿಷ್ಟರಿಗೆಂದು ಮೀಸಲಿಟ್ಟ ಜಮೀನಿನ ಅರ್ಜಿಯಲ್ಲಿ ಅವರು ಎಲ್ಲಿ ನಿಲ್ಲಬೇಕು? ಮುತ್ತಜ್ಜ ಅನುಭವಿಸಿದ್ದನ್ನು ಮೊಮ್ಮಗನ ಜ್ಞಾನಸ್ನಾನದ ಸರ್ಟಿಫಿಕೇಟು ಅಳಿಸಿಹಾಕುತ್ತದೆ ಎಂದು ಸರ್ಕಾರ ನಂಬುತ್ತದೆ. ಇದೂ ಒಂದು ನಂಬಿಕೆಯೇ.

೫

೨೦೧೮ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಬಿದ್ದವು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹಟ್ಟಿಹೊಳೆ, ಮಾದಾಪುರ. ನಮ್ಮ ಕೊಡ್ಲಿಪೇಟೆಯಲ್ಲಿ ಗುಡ್ಡ ಬೀಳಲಿಲ್ಲ. ನಾವು ಕೆಲವರು ಅಕ್ಕಿ ಕಂಬಳಿ ಕಟ್ಟಿಕೊಂಡು ಶಿಬಿರಗಳಿಗೆ ಹೋದೆವು. ಶಾಲೆ, ದೇವಸ್ಥಾನದ ಸಭಾಂಗಣ, ಚರ್ಚು, ಮದರಸಾ, ಎಲ್ಲ ಕಡೆ ಜನ. ಮೊದಲ ವಾರದ ಆ ದೃಶ್ಯವನ್ನು ನಾನು ಮರೆಯಲಾರೆ. ಧಣಿಯ ಹೆಂಡತಿಯೂ ಲೈನ್ ಮನೆಯ ಹೆಂಗಸೂ ಒಂದೇ ಜಮಖಾನದ ಮೇಲೆ ಮಲಗಿದ್ದರು, ಒಂದೇ ಪಾತ್ರೆಯ ಸಾರು ಉಂಡರು. ಅಜ್ಜ ಹೇಳಿದ ಬಾಂಬಿನ ಹೊಂಡವನ್ನು ನಾನು ಕಂಡದ್ದು ಅಲ್ಲೇ.

ಎರಡನೇ ವಾರ ನಮೂನೆಗಳು ಬಂದವು. ಹೊಂಡದಿಂದ ಒಬ್ಬೊಬ್ಬರನ್ನಾಗಿ ಮೇಲೆತ್ತಿ ಅವರವರ ಜಾಗಕ್ಕೆ ಕೂರಿಸುವ ಕೆಲಸ ಶುರುವಾಯಿತು. ವಿಪತ್ತು ಪರಿಹಾರ ನಿಧಿಯ ಆಗಿನ ನಿಯಮಗಳನ್ನು ಗೆಳೆಯರು ಒಮ್ಮೆ ಸಾಹಿತ್ಯದ ಪಠ್ಯವನ್ನು ಓದುವಷ್ಟೇ ಗಮನವಿಟ್ಟು ಓದಬೇಕು. ಗುಡ್ಡಗಾಡಿನಲ್ಲಿ ಪೂರ್ತಿ ಬಿದ್ದ ಮನೆಗೆ ೧,೦೧,೯೦೦ ರೂಪಾಯಿ. ಗುಡಿಸಲಿಗೆ ೪,೧೦೦. ಮಣ್ಣು, ಹುಲ್ಲು, ಪ್ಲಾಸ್ಟಿಕ್ಕಿನದಾದರೆ ಅದು ಗುಡಿಸಲು. ಗೋಡೆ ಯಾವುದರದ್ದು ಎಂಬುದರ ಮೇಲೆ ನಷ್ಟ ಇಪ್ಪತ್ತೈದು ಪಟ್ಟು ಹೆಚ್ಚು ಕಡಿಮೆ. ಆ ಮನೆಯೂ ಅಧಿಕೃತ ಕಟ್ಟಡ ಎಂದು ಅಧಿಕಾರಿ ದೃಢೀಕರಿಸಬೇಕು. ಪೈಸಾರಿಯಲ್ಲಿದ್ದವನು ಏನು ತರಬೇಕು? ಕಾಫಿಯಂಥ ಬಹುವರ್ಷದ ಬೆಳೆ ಹೋದರೆ ಹೆಕ್ಟೇರಿಗೆ ೧೮,೦೦೦. ಅದು ಪಹಣಿಯಲ್ಲಿ ಹೆಸರಿದ್ದವನಿಗೆ. ಆ ಗಿಡಗಳ ಕೆಳಗೆ ಮೂವತ್ತು ವರ್ಷ ಹಣ್ಣು ಕುಯ್ದವಳಿಗೆ ಮುಂದಿನ ನಾಲ್ಕೈದು ವರ್ಷ ಕೂಲಿ ಇಲ್ಲ ಎಂಬುದನ್ನು ಬರೆಯಲು ನಮೂನೆಯಲ್ಲಿ ಕಾಲಮ್ಮೇ ಇಲ್ಲ. ಬದುಕು ಪೂರಾ ಹೋದವರಿಗೆ ಆಸರೆಯೆಂದು ಇದ್ದದ್ದು ದಿನಕ್ಕೆ ದೊಡ್ಡವರಿಗೆ ೬೦ ರೂಪಾಯಿ, ಮಕ್ಕಳಿಗೆ ೪೫, ಅದೂ ಕೆಲವು ದಿನ.

ಆ ಶಿಬಿರದಲ್ಲಿ ನಾನು ಒಂದೇ ಮಧ್ಯಾಹ್ನ ಇಬ್ಬರಿಗೆ ಅರ್ಜಿ ಬರೆದೆ. ಒಬ್ಬಳು ತೋಟದ ಲೈನಿನಲ್ಲಿದ್ದ ನಮ್ಮ ಹೆಂಗಸು. ನಮೂನೆ ತುಂಬುತ್ತಾ ಮನೆ ಯಾರ ಹೆಸರಲ್ಲಿದೆ ಎಂದು ಕೇಳಿದೆ. "ಬಿದ್ದಿದ್ದು ನಾವಿದ್ದ ಮನೆಯೇ ಸಾರ್, ಆದ್ರೆ ಮನೆ ನಮ್ದಲ್ಲ" ಅಂದಳು. ಇನ್ನೊಬ್ಬರು ೧೯೭೧ರ ಯುದ್ಧ ಕಂಡ ಮಾಜಿ ಸೈನಿಕ, ಕೊಡವ ಸಣ್ಣ ಬೆಳೆಗಾರ. ಅವರ ಎರಡೆಕರೆ ಕಾಣೆಯಾಗಿತ್ತು. ಭೂಮಿಯೇ ಕೊಚ್ಚಿಹೋದ ಸಣ್ಣ ರೈತನಿಗೆ ಹೆಕ್ಟೇರಿಗೆ ೩೭,೫೦೦ ರೂಪಾಯಿ ಎಂದು ಓದಿ ಹೇಳಿದಾಗ ಅವರು ಸುಮ್ಮನೆ ನಕ್ಕರು. ಅದಕ್ಕೂ ತೊಡಕಿತ್ತು: ಜಮ್ಮ ಭೂಮಿ, ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೆದಾರನ ಹೆಸರು. ಭೂಮಿಯ ಹೆಮ್ಮೆಗೆ ಆಧಾರವಾದ ಕಾಗದವೇ ಅವರನ್ನೂ ಕೈಬಿಟ್ಟಿತ್ತು. ಇದನ್ನು ಮರೆಮಾಚಿ ನಾನು ದಲಿತ ಚರಿತ್ರೆ ಬರೆಯಲಾರೆ. ಆದರೆ ಮುಂದಿನದ್ದನ್ನೂ ಮರೆಮಾಚಬಾರದು. ಅವರ ಕೆಲಸಕ್ಕೆ ಮಾಜಿ ಸೈನಿಕರ ಸಂಘ ಓಡಾಡಿತು, ನೆಂಟರಲ್ಲಿ ವಕೀಲರಿದ್ದರು, ಕಚೇರಿಯಲ್ಲಿ ಕುರ್ಚಿ ಸಿಕ್ಕಿತು, ಆರು ತಿಂಗಳಲ್ಲಿ ಮುಗಿಯಿತು. ಆಕೆಯ ಹೆಸರು ಮೊದಲ ಪಟ್ಟಿಯಲ್ಲಿ ಬರಲಿಲ್ಲ, ಎರಡನೆಯದರಲ್ಲೂ ಬರಲಿಲ್ಲ.

ಕೊನೆಗೆ ಬಂತು. ಹೇಗೆ ಬಂತು ಎಂಬುದು ಮುಖ್ಯ. ಆ ಮಾಜಿ ಸೈನಿಕರೇ ಕಚೇರಿಗೆ ಬಂದು, ಈಕೆ ಇಂಥ ತೋಟದಲ್ಲಿ ಇಪ್ಪತ್ತು ವರ್ಷದಿಂದ ಇದ್ದವಳು, ನಾನು ಬಲ್ಲೆ ಎಂದು ಬರೆದು ಸಹಿ ಹಾಕಿದರು. ಯಾರೂ ಕೇಳಿರಲಿಲ್ಲ, ತಾವಾಗಿ ಬಂದರು. ನಾನು ಅವರ ಕೈ ಹಿಡಿದುಕೊಂಡೆ. ಬಸ್ಸಿನಲ್ಲಿ ಊರಿಗೆ ಬರುವಾಗ ತಲೆಯಲ್ಲಿ ಬೇರೆಯೇ ಓಡತೊಡಗಿತು. ಭೂಮಿ ಇರುವವನೊಬ್ಬ 'ಇವಳು ಇಲ್ಲಿದ್ದವಳು' ಎಂದರೆ ಮಾತ್ರ ಅವಳು ಇದ್ದಂತೆ. ಭೂಮಿ ಜಮ್ಮದ ಹೊಲೆಯರ ಕಾಲದಲ್ಲೂ ನಾವು ಯಾರು ಎಂಬುದಕ್ಕೆ ಸಾಕ್ಷಿ ಹೇಳುತ್ತಿದ್ದವನು ಧಣಿಯೇ. ಒಬ್ಬ ಮನುಷ್ಯನ ಒಳ್ಳೆಯತನ ದೊಡ್ಡದು. ಆದರೆ ಅವರ ಒಳ್ಳೆಯತನ ಬೇಕೇಬೇಕು ಎನ್ನುವ ವ್ಯವಸ್ಥೆ ಸಣ್ಣದು.

ಆಕೆಗೆ ಈಗ ಮನೆ ಇದೆ. ಸರ್ಕಾರ ಸುಮಾರು ಹತ್ತು ಲಕ್ಷ ಖರ್ಚು ಮಾಡಿ ಕಟ್ಟಿದ ಗಟ್ಟಿ ಮನೆ. ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಇಂಥವು ಎದ್ದವು. ಅಕ್ಕಪಕ್ಕ ಎಲ್ಲ ಜಾತಿಯವರೂ ಇದ್ದಾರೆ, ಇದು ಕೊಡಗಿನಲ್ಲಿ ಹೊಸದು, ಒಳ್ಳೆಯದು. ಕೆಲಸ ಮಾತ್ರ ದೂರ. ಬಸ್ಸಿಗೇ ಕೂಲಿಯ ಒಂದು ಪಾಲು ಹೋಗುತ್ತದೆ. ೨೦೧೯ರಲ್ಲಿ ನೆಲ್ಯಹುದಿಕೇರಿ, ಕರಡಿಗೋಡಿನ ಹೊಳೆದಂಡೆಯಲ್ಲಿ ಮನೆ ಕಳಕೊಂಡ ಕೂಲಿಕಾರರಿಗೆ ಇಷ್ಟೂ ಬೇಗ ಆಗಲಿಲ್ಲ. ಹೊಳೆಯಂಚು ನಿಮ್ಮದಲ್ಲ ಎಂಬ ಮಾತಿನಲ್ಲೇ ವರ್ಷಗಳು ಕಳೆದವು. ಗುಡ್ಡ ಬೀಳದೆಯೇ ೨೦೧೬ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಗುಡಿಸಲುಗಳನ್ನು ಯಂತ್ರ ತಂದು ಬೀಳಿಸಿದ್ದನ್ನು ಎಲ್ಲರೂ ಬಲ್ಲಿರಿ. ಅವರಲ್ಲಿ ಅನೇಕರಿಗೆ ಹೋರಾಟದ ನಂತರ ಜಾಗ ಸಿಕ್ಕಿದ್ದು ನಮ್ಮ ಕಡೆಯ ಬ್ಯಾಡಗೊಟ್ಟದಲ್ಲಿ. ಅದನ್ನು ಯಾರೂ ವಿಪತ್ತು ಎಂದು ಕರೆಯಲಿಲ್ಲ.

೬

ದಲಿತ ವಿಮರ್ಶೆ ಎಂದರೆ ಕತೆ ಕವನಗಳಲ್ಲಿ ನಮ್ಮ ಚಿತ್ರ ಹೇಗಿದೆ ಎಂದು ನೋಡುವುದು ಎಂದು ಬಹಳ ಕಾಲ ತಿಳಿದಿದ್ದೆವು. ಅದು ಬೇಕು. ಆದರೆ ನಮ್ಮ ಬದುಕನ್ನು ನಿಜವಾಗಿ ಬರೆದವರು ಕತೆಗಾ‌ರರಿಗಿಂತ ಹೆಚ್ಚಾಗಿ ಶಾನುಭೋಗರು, ಗುಮಾಸ್ತರು, ಗೆಜೆಟಿಯರಿನವರು. ಜಮ್ಮದ ಲೆಕ್ಕ, ಪಹಣಿ, ಪದಕದ ಅಂಚು, ಸಂತ್ರಸ್ತರ ಪಟ್ಟಿ, ಇವು ನಮ್ಮ ಮೊದಲ ಪಠ್ಯಗಳು. ಇವನ್ನು ಓದುವ ಕಣ್ಣು ಬೇಕು. ಮುಂದಿನ ಮಳೆಗಾಲಕ್ಕೆ ಮೊದಲು ನಮ್ಮ ಹುಡುಗರು ಹುಡುಗಿಯರು ಮಾಡಬಹುದಾದ ಒಂದು ಕೆಲಸವಿದೆ. ಪ್ರತಿ ಲೈನಿಗೆ, ಪ್ರತಿ ಪೈಸಾರಿಗೆ ಹೋಗಿ ಯಾರು ಎಷ್ಟು ವರ್ಷದಿಂದ ಇದ್ದಾರೆ, ಎಷ್ಟು ದಿನ ಎಲ್ಲಿ ಕೂಲಿ ಮಾಡುತ್ತಾರೆ ಎಂದು ನಾವೇ ಬರೆದಿಡುವುದು, ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸುವುದು. ಮನೆಯ ಹಕ್ಕುಪತ್ರಕ್ಕೆ ೯೪ಸಿ ಅರ್ಜಿ ಹಾಕದವರಿಂದ ಹಾಕಿಸುವುದು. ಗುಡ್ಡ ಬಿದ್ದ ಮೇಲೆ ಅರ್ಜಿ ಬರೆದರೆ ತಡವಾಗುತ್ತದೆ. ಇದು ನನ್ನ ಅನುಭವ.

ಪದಕ ಈಗ ನನ್ನ ಹತ್ತಿರ ಇದೆ. ಕಳೆದ ಸಲ ಕೋರೆಗಾಂವಿಗೆ ಹೊರಟ ನಮ್ಮ ಹುಡುಗರು ಅದನ್ನು ಜೊತೆಗೆ ಒಯ್ಯುತ್ತೇವೆ ಎಂದರು. ಕೊಟ್ಟೆ. ಅಜ್ಜನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಅದರ ಕೆಳಗೆ ಅಜ್ಜಿಯ ಹೆಸರನ್ನೂ ಬರೆದು, ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ವಾಪಸ್ಸು ತಂದುಕೊಟ್ಟ ಹುಡುಗ ಸಿಂಹದ ಕಡೆಯನ್ನು ತೋರಿಸಿ ಇದೇನು ಸಾರ್ ಎಂದು ಕೇಳಿದ. ಯುದ್ಧದ ಗುರುತು ಎಂದೆ. ಸ್ವಲ್ಪ ಹೊತ್ತು ಬಿಟ್ಟು, ನಮ್ಮಜ್ಜಿ ಇದನ್ನು ಅಮ್ಮ ಅಂತಿದ್ಳು ಎಂದೂ ಹೇಳಿದೆ.